ಬುಧವಾರದ ಮನೆ

ಶುಕ್ರವಾರ ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ಕುನ್‌ಸುಲುವಿಗೆ ತನ್ನ ಬಾಯಿಯನ್ನು ಕಂಡರೇ ಹೆದರಿಕೆಯಾಯಿತು. ಕನ್ನಡಿಯಲ್ಲಿ ನೊರೆ ಮೆತ್ತಿಕೊಂಡಿದ್ದ ಅದು ನಲವತ್ತಮೂರು ವರ್ಷ ತಾನು ಹೇಳಿದಂತೆ ಕೇಳಿಕೊಂಡು ಬಂದ ಬಾಯಿಯಂತೆ ಕಾಣಲಿಲ್ಲ, ಚಿಲಕ ಸಡಿಲಾದ ಬಾಗಿಲಿನಂತೆ ಕಂಡಿತು. ನಿನ್ನೆ ಸಂಜೆ, ಬ್ಯಾಂಕುಗಳ ಮೇಲೆ ಕಣ್ಣಿಡುವ ಸರ್ಕಾರಿ ಕಚೇರಿಯ ನಾಲ್ಕನೆಯ ಮಹಡಿಯಲ್ಲಿ ಐದು ಜನ ಕೂತು, ಫೋನುಗಳನ್ನೆಲ್ಲ ಹೊರಗೆ ಒಂದು ಪೆಟ್ಟಿಗೆಯಲ್ಲಿಟ್ಟು, ಒಂದೂವರೆ ಪುಟದ ಆದೇಶವನ್ನು ಮುಗಿಸಿ ಎದ್ದಿದ್ದರು. ಆ ಐವರಲ್ಲಿ ಅವಳೂ ಒಬ್ಬಳು. ಸೋಮವಾರ ಒಂಬತ್ತು ಗಂಟೆಗೆ ಆದೇಶ ಹೊರಬೀಳುತ್ತದೆ, ಬಿದ್ದ ಗಳಿಗೆಯಿಂದಲೇ ಜಾರಿ. ಸಂಬಳದ ಚೀಟಿ ಇಲ್ಲದವನ ಗಳಿಕೆಯನ್ನು ಇನ್ನು ಮುಂದೆ ಯಾವ ಬ್ಯಾಂಕೂ ಮನೆಸಾಲಕ್ಕೆ ಲೆಕ್ಕ ಹಿಡಿಯುವಂತಿಲ್ಲ. ಅದಕ್ಕೆ ಮುಂಚೆ ಸಹಿ ಬಿದ್ದ ಸಾಲ ಉಳಿಯುತ್ತದೆ. ಮಂಜೂರಾಗಿಯೂ ಸಹಿ ಬೀಳದೆ ಇದ್ದದ್ದು ಬಿದ್ದುಹೋಗುತ್ತದೆ. ಹೊರಗೆ ಒಂದು ಮಾತು ಆಡಿದರೆ ಕೆಲಸ ಹೋಗುವುದಷ್ಟೇ ಅಲ್ಲ, ಜೈಲು ಎಂದು ಬರೆದಿದ್ದ ಇನ್ನೊಂದು ಕಾಗದಕ್ಕೂ ಐವರು ಸಹಿ ಹಾಕಿದ್ದರು. ಅವಳ ತಮ್ಮ ತಿಲೆಗೆನ್ ಊರಿಗೆಲ್ಲ ಪ್ಲಾಸ್ಟಿಕ್ ಕಿಟಕಿ ಕೂರಿಸಿ ಬದುಕುವವನು, ಸಂಬಳದ ಚೀಟಿಯ ಮುಖವನ್ನೇ ಕಾಣದವನು. ಅವನ ಮನೆಸಾಲ ಮಂಜೂರಾಗಿ ಹತ್ತು ದಿನವಾಗಿತ್ತು. ಸಹಿ ಬರುವ ಬುಧವಾರ.

ಬುಧವಾರವೇ ಯಾಕೆ ಎಂದು ಆ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಒಳ್ಳೆಯ ಕೆಲಸ ಬುಧವಾರ ಹಿಡಿಯಬೇಕು, ಅಷ್ಟೆ. ಹೆಣ್ಣು ಕೇಳಲು ಹೋಗುವುದು, ಕೂಸನ್ನು ತೊಟ್ಟಿಲಿಗೆ ಹಾಕುವುದು, ಕುದುರೆ ಕೊಳ್ಳುವುದು, ಎಲ್ಲಕ್ಕೂ ಅವಳ ತಾಯಿ ಬಾತಿಮಾಗೆ ಬುಧವಾರದ ಶುಭ ಬೇಕು. ಮಕ್ಕಳು ಅವಳನ್ನು ಅಪಾ ಎನ್ನುತ್ತಾರೆ. ಮಂಗಳವಾರವಾದರೆ ಅಪಾ ಸೂಜಿಗೆ ದಾರವನ್ನೂ ಪೋಣಿಸಳು. ಅವಳ ಗಂಡ ಕೊಜಿಬಾಯ್ ಒಂದು ಮಂಗಳವಾರ ಲಾರಿ ಹತ್ತಿ ಬಾಲ್ಖಾಶ್ ಸರೋವರದ ಕಡೆಗೆ ಹೊರಟವನು ತಿರುಗಿ ಬಂದದ್ದು ಕಂಬಳಿಯಲ್ಲಿ; ಆವತ್ತು ಕುನ್‌ಸುಲುವಿಗೆ ಹದಿಮೂರು, ತಿಲೆಗೆನ್‌ಗೆ ಐದು. ಓದಿದ ಹೆಣ್ಣು ಕುನ್‌ಸುಲು ಇದನ್ನೆಲ್ಲ ನಂಬುವವಳಲ್ಲ. ಆದರೂ ಏಳು ವರ್ಷದ ಹಿಂದೆ ಅವಳು ತನ್ನ ಫ್ಲ್ಯಾಟಿನ ಕಾಗದಕ್ಕೆ ಸಹಿ ಹಾಕಿದ್ದು ಬುಧವಾರವೇ. ಆಗ ಸರ್ಕಾರದ ಅಗ್ಗದ ಸಾಲದ ಯೋಜನೆ ಹೊಸದು. ಅದರ ನಿಯಮಗಳನ್ನು ತಿದ್ದಿದವರಲ್ಲಿ ಅವಳಿದ್ದಳು, ಸಾಲಿನಲ್ಲಿ ಮೊದಲು ನಿಂತವರಲ್ಲೂ ಇದ್ದಳು. ತಪ್ಪೇನಿಲ್ಲ, ಎಲ್ಲ ಕಾನೂನಿನ ಪ್ರಕಾರವೇ ಆಗಿತ್ತು. ಈಗ ಅದೇ ಫ್ಲ್ಯಾಟಿಗೆ ಮೂರು ಪಟ್ಟು ಬೆಲೆ. ಅವಳು ನಿದ್ದೆ ಹೋದಾಗಲೂ ಆ ಗೋಡೆಗಳು ಅವಳ ಸಂಬಳಕ್ಕಿಂತ ಹೆಚ್ಚು ದುಡಿದಿದ್ದವು. ಅದೇ ಏಳು ವರ್ಷದಲ್ಲಿ ತಮ್ಮ, ಊರಿನ ಕೆಳಭಾಗದಲ್ಲಿ, ಚಳಿಗಾಲವಿಡೀ ಕಲ್ಲಿದ್ದಲ ಹೊಗೆ ಕೂತಿರುವ ಕಡೆ, ನಾಲ್ಕು ಬಾಡಿಗೆ ಮನೆ ಬದಲಿಸಿದ್ದ. ಕಿರಿಮಗನ ಮನೆಯೇ ತಾಯಿಯ ಮನೆಯಾದ್ದರಿಂದ ಅಪಾ ನಾಲ್ಕೂ ಸಲ ಹಾಸಿಗೆ ಸುತ್ತಿಕೊಂಡು ಅವನ ಹಿಂದೆ ಹೋಗಿದ್ದಳು.

ಬಸ್ಸಿನಲ್ಲಿ ನಿಂತು ಅವಳು ತನಗೆ ತಾನೇ ಪಾಠ ಒಪ್ಪಿಸಿಕೊಂಡಳು. ಆದೇಶ ಸರಿಯಾದದ್ದು. ಸರ್ಕಾರ ಬಡವರಿಗೆಂದು ಅಗ್ಗದ ಸಾಲ ಕೊಟ್ಟಿತು, ಬೆಲೆ ಏರಿತು. ಏರಿದ ಬೆಲೆ ಕೈಗೆಟುಕದವರಿಗೆಂದು ಪಿಂಚಣಿಯ ಗಂಟನ್ನು ಮುಂಚೆಯೇ ಬಿಚ್ಚಿಕೊಳ್ಳಲು ಬಿಟ್ಟಿತು, ಬೆಲೆ ಮತ್ತೂ ಏರಿತು. ಕರುಣೆ ತೋರಿದಷ್ಟೂ ಗೋಡೆ ಎತ್ತರವಾಗುವ ಊರು ಇದು. ಎಲ್ಲೋ ಒಂದು ಕಡೆ ಬಾಗಿಲು ಹಾಕಲೇಬೇಕು. ಇದನ್ನು ಅವಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲಳು. ಹದಿನೈದು ವರ್ಷದ ಹಿಂದೆ, ಬ್ಯಾಂಕುಗಳು ಕಂಡಕಂಡವರಿಗೆ ಡಾಲರಿನಲ್ಲಿ ಸಾಲ ಕೊಟ್ಟು, ಡಾಲರು ಏರಿ, ಜನ ಮುಳುಗಿದ ಕಾಲದಲ್ಲಿ ಅವಳು ಒಂದು ಬ್ಯಾಂಕಿನ ಕೌಂಟರಿನಲ್ಲಿ ಕೆಲಸ ಕಲಿಯುತ್ತಿದ್ದಳು. ತುಪ್ಪಳದ ಟೋಪಿಯವನೊಬ್ಬ ಬಂದು, ಕಂತು ಕಟ್ಟಲಾಗದ ಮನೆಯ ಕೀಲಿಗೊಂಚಲನ್ನು ಅವಳ ಮುಂದಿಟ್ಟು, "ತಗೊಳ್ಳಮ್ಮ, ಗುಡಿಸಿ ಒರೆಸಿ ಬಂದಿದ್ದೀವಿ," ಎಂದಿದ್ದ. ಕೀಲಿ ತಲುಪಿದ್ದಕ್ಕೆ ರಸೀದಿ ಕೇಳಿದ್ದ. ಅಂಥ ರಸೀದಿ ಬ್ಯಾಂಕಿನಲ್ಲಿ ಇರಲಿಲ್ಲ. ಅವಳು ಬಿಳಿ ಹಾಳೆಯ ಮೇಲೆ 'ಕೀಲಿ ಬಂದಿದೆ' ಎಂದು ಬರೆದು ಮುದ್ರೆ ಒತ್ತಿ ಕೊಟ್ಟಿದ್ದಳು. ಅವನು ಅದನ್ನು ನಾಲ್ಕು ಮಡಿಕೆ ಮಾಡಿ ಎದೆಯ ಜೇಬಿಗೆ ಸೇರಿಸಿದ್ದ. ಆ ಮನುಷ್ಯನಿಗಾಗಿಯೇ ಈ ಆದೇಶ ಎಂದುಕೊಂಡರೆ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. 'ಕಾಗದದಿಂದ ರುಜುವಾತಾಗದ ಆದಾಯವನ್ನು ಆದಾಯವೆಂದು ಪರಿಗಣಿಸತಕ್ಕದ್ದಲ್ಲ' ಎಂಬ ಸಾಲು ಅವಳದೇ. ಮೊದಲೇ ತಿಳಿಸಿದರೆ ಜನ ನುಗ್ಗುತ್ತಾರೆ, ಆ ನೂಕುನುಗ್ಗಲಿಗೇ ಬೆಲೆ ಇನ್ನಷ್ಟು ಏರುತ್ತದೆ, ಆದ್ದರಿಂದ ಒಂದು ದಿನದ ಸೂಚನೆಯನ್ನೂ ಕೊಡಬಾರದು ಎಂದು ವಾದಿಸಿ ಗೆದ್ದವಳೂ ಅವಳೇ. ತಾನೇ ಹೆಣೆದ ಬಲೆ ಎಂದು ನಗಲು ನೋಡಿದಳು. ಎದುರು ಕೂತಿದ್ದ ಹೆಂಗಸು ತಲೆ ಎತ್ತಿ ನೋಡಿದಳು.

ಹನ್ನೊಂದಕ್ಕೆ ತಿಲೆಗೆನ್ ಫೋನ್ ಮಾಡಿದ.

"ಅಪ್ಕೆ, ಮಧ್ಯಾಹ್ನ ಊಟದ ಹೊತ್ತಿಗೆ ಬಂದ್ಬಿಡು, ಮನೆ ನೋಡು. ನಿನ್ನ ಆಫೀಸಿಂದ ಕಾಲುಗಂಟೆ. ಅಪಾನ್ನೂ ಕರ್ಕೊಂಡು ಬಂದಿದ್ದೀನಿ. ನೀನೊಬ್ಳೇ ನೋಡಿಲ್ಲ."

"ಇವತ್ತು ಕೆಲಸ ಇದೆ ಕಣೋ."

"ಸರ್ಕಾರದೋರಿಗೆ ಯಾವತ್ತು ಕೆಲಸ ಇತ್ತು? ಸುಮ್ನೆ ಬಾ ಅಕ್ಕಾ."

ಅಪ್ಕೆ ಎನ್ನುವುದು ಅಕ್ಕನನ್ನು ಕರೆಯುವ ರೂಢಿ. ಅದರ ಮೇಲೊಂದು 'ಅಕ್ಕಾ' ಸೇರಿಸಿ ಗೋಗರೆಯುವುದು ಅವನು ಐದು ವರ್ಷದವನಾಗಿದ್ದಾಗಿನಿಂದ ಬಂದ ಅಭ್ಯಾಸ. ಅವಳಿಗೆ ಇಲ್ಲವೆನ್ನಲು ಆಗಲಿಲ್ಲ. ಹೋಗಬಾರದಿತ್ತು. ಹೋಗದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ, ಹೋದರೆ ಮುಖ ನೋಡುತ್ತಾರೆ. ಅತ್ತ ದರಿ, ಇತ್ತ ಪುಲಿ. ಕೊಳಕು ಹಿಮ ತುಳಿಯುತ್ತಾ ನಡೆದಳು.

ಫ್ಲ್ಯಾಟು ಐದು ಮಹಡಿಯ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ಮಾರುವ ಮುದುಕಿ ಎರಡು ಬೀದಿಯಾಚೆ ತಂಗಿಯ ಮನೆಗೆ ಸಾಮಾನು ಸಾಗಿಸಿ, ಕೀಲಿ ಕೊಟ್ಟು, ಯಾವತ್ತು ಕರೆದರೂ ಸಹಿಗೆ ಬರುತ್ತೇನೆ, ಬುಧವಾರ ದಾಟಿದರೆ ಮಾತ್ರ ನಗದು ಹಿಡಿದು ನಿಂತಿರುವ ಇನ್ನೊಬ್ಬನಿಗೆ ಎಂದು ಖಡಾಖಂಡಿತ ಹೇಳಿದ್ದಳು. ಬಾಗಿಲು ತೆರೆದವಳು ತಿಲೆಗೆನ್‌ನ ಹೆಂಡತಿ ಮಕ್ಪಾಲ್. "ಬನ್ನಿ ಕಾಗದದಕ್ಕಾ!" ಎಂದಳು, ಕೈ ಹಿಡಿದು ಎಳೆದುಕೊಂಡೇ ಹೋದಳು. ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆಯಾದವಳು ಬಾಯಲ್ಲಿ ತರುವಂತಿಲ್ಲ, ಸತ್ತ ಮಾವನ ಹೆಸರಂತೂ ಸುತರಾಂ ಇಲ್ಲ. ಅವರ ಮಾತಿನಲ್ಲಿ ಕೊಜಿ ಎಂದರೆ ಕುರಿಮರಿ. ಮಾವ ಕೊಜಿಬಾಯ್ ಆದ ತಪ್ಪಿಗೆ ಮಕ್ಪಾಲ್ ಮಾಂಸದಂಗಡಿಯಲ್ಲೂ "ಕುರಿಯ ಕೂಸಿಂದು ಒಂದು ಕಿಲೋ ಕೊಡಿ" ಎಂದು ಕೇಳುವವಳು, ಅಂಗಡಿಯವನು ಬೇಕೆಂದೇ ಎರಡು ಸಲ ಹೇಳಿಸಿ ನಗುವನು. ಹದಿನಾಲ್ಕು ವರ್ಷದ ಹಿಂದೆ ಮದುವೆಯಾಗಿ ಬಂದ ಮೊದಲ ವಾರವೇ, ಯಾವಾಗಲೂ ಕಾಗದದ ಕಟ್ಟು ಹೊತ್ತು ತಿರುಗುವ ಗಂಡನ ಅಕ್ಕನಿಗೂ ಒಂದು ಹೆಸರು ಕಟ್ಟಿದ್ದಳು, ಕಾಗದದಕ್ಕ. ಅದು ಮಕ್ಕಳ ಬಾಯಿಗೂ ಬಂತು. ಕಚೇರಿಯ ಬಾಗಿಲಿನ ಮೇಲೆ 'ಕುನ್‌ಸುಲು ಕೊಜಿಬಾಯೆವ್ನಾ' ಎಂದು, ಅಪ್ಪನ ಹೆಸರೂ ಸೇರಿ, ಹಿತ್ತಾಳೆಯ ಅಕ್ಷರವಿತ್ತು. ಆ ಹೆಸರಿನಲ್ಲಿ ಅವಳನ್ನು ಯಾರೂ ಪ್ರೀತಿಸಿದ್ದಿಲ್ಲ. ಎರಡೇ ವರ್ಷಕ್ಕೆ ಮುಗಿದ ಮದುವೆಯ ನಂತರ ಅವಳನ್ನು ಊಟಕ್ಕೆ ಕಾಯುವ ಮನೆಯೆಂದು ಉಳಿದದ್ದು ಕಾಗದದಕ್ಕಾ ಎಂದು ಕರೆಯುವ ತಮ್ಮನ ಮನೆಯೊಂದೇ.

"ನೋಡಿ, ಅಡುಗೆಮನೆ ಕಿಟಕಿಯಿಂದ ಬೆಟ್ಟ ಕಾಣುತ್ತೆ!" ಎಂದಳು ಮಕ್ಪಾಲ್. "ಯಾವ ಮನೆಗೆ ಹೋದ್ರೂ ಹದಿನಾಲ್ಕು ವರ್ಷ ಪಾತ್ರೆ ತೊಳೀತಾ ಪಕ್ಕದ್ಮನೆ ಕಕ್ಕಸೇ ನೋಡಿದ್ದೀನಿ. ಇನ್ಮೇಲೆ ನಾನು ಬೆಟ್ಟ ನೋಡ್ಕೊಂಡು ತೊಳೆಯೋಳು."

"ನೀನು ಬೆಟ್ಟ ನೋಡ್ತಾ ನಿಂತ್ರೆ ಪಾತ್ರೆ ಯಾರು ತೊಳೀತಾರೆ?" ಎಂದ ತಿಲೆಗೆನ್. ಅವನು ಅಳತೆಪಟ್ಟಿ ಹಿಡಿದು ಮಲಗುವ ಕೋಣೆಯ ಕಿಟಕಿಗೆ ಒರಗಿದ್ದ. "ಅಪ್ಕೆ, ಈ ಕೊಳೆತ ಮರದ ಕಿಟಕಿ ಎಲ್ಲಾ ಕಿತ್ತು ಎಸೀತೀನಿ. ಹೊಸವು ನಾಲ್ಕೂ ಮಾಡ್ಸಿ ಆಗಿದೆ, ಬಾಡಿಗೆ ಮನೇಲಿ ಗೋಡೆಗೆ ಒರಗಿಸಿಟ್ಟಿದ್ದೀನಿ. ಊರೋರಿಗೆಲ್ಲ ಎರಡು ಗಾಜಿಂದು. ನಮ್ಮನೆಗೆ ಮೂರು."

"ಸಹಿ ಆಗೋಕೆ ಮುಂಚೇನೇ ಮಾಡ್ಸಿಬಿಟ್ಯಾ?" ಅವಳ ದನಿ ಅವಳಿಗೇ ತೆಳುವಾಗಿ ಕೇಳಿಸಿತು.

"ಮಂಜೂರಾಗಿದೆಯಲ್ಲ. ಬ್ಯಾಂಕು ಅಂದ್ರೆ ಏನು, ನಮ್ಮ ಮೇಸ್ತ್ರಿನಾ ಮಾತು ತಪ್ಪೋಕೆ? ಹೋದ ವರ್ಷ ಇದೇ ಕಟ್ಟಡದಲ್ಲಿ ಕೇಳಿದ್ವಿ, ನೆನಪಿದೆಯಾ? ನಾವು ಹಣ ಹೊಂದಿಸ್ಕೊಂಡು ಬರೋಷ್ಟರಲ್ಲಿ ಬೆಲೆ ಮೂರು ಮೆಟ್ಟಿಲು ಮೇಲಿತ್ತು. ನಾನು ಒಂದು ಹತ್ತಿದ್ರೆ ಅದು ಮೂರು ಹತ್ತುತ್ತೆ." ಅವನು ಪಟ್ಟಿಯನ್ನು ಸರ್ರನೆ ಸುತ್ತಿಕೊಂಡ. "ನಿಮ್ಮ ಆಫೀಸಿನೋರು ಏನಾದ್ರೂ ಮಾಡಿ ಇದನ್ನ ನಿಲ್ಲಿಸಬಾರ್ದಾ ಅಪ್ಕೆ? ಅಷ್ಟೊಂದು ಓದ್ಕೊಂಡಿದ್ದೀರಿ."

"ಮಾಡ್ತಾರೆ," ಎಂದಳು ಕುನ್‌ಸುಲು. ಗೋಡೆಯ ಕಾಗದದ ಮೇಲಿನ ಮಾಸಿದ ಹೂಗಳನ್ನು ಎಣಿಸತೊಡಗಿದಳು.

ಅಪಾ ಕೋಟು ಬಿಚ್ಚದೆ ಬರಿನೆಲದ ನಡುವೆ ನಿಂತು ನಾಲ್ಕು ಮೂಲೆಗೂ ಏನೋ ಪಿಸುಗುಟ್ಟುತ್ತಿದ್ದಳು. ಕಣ್ಣು ತಾಗದಿರಲಿ ಎಂದಿರಬೇಕು. ಆಗಲೇ ಮಕ್ಪಾಲ್‌ಗೆ ಬ್ಯಾಂಕಿನ ಹುಡುಗಿಯ ಫೋನ್ ಬಂತು. ಅವಳು ಹೂಂ, ಹೂಂ ಎಂದು ಕೇಳಿ, ಒಂದು ನಿಮಿಷ ಎಂದು ಫೋನನ್ನು ಎದೆಗೊತ್ತಿ ಹಿಡಿದಳು.

"ನಾಲ್ಕಕ್ಕೆ ಯಾರೋ ಬರೋರಿದ್ರಂತೆ, ಬರ್ತಿಲ್ವಂತೆ. ಬೇಕಿದ್ರೆ ನೀವು ಬನ್ನಿ, ಇವತ್ತೇ ಸಹಿ ಮುಗಿಸಿಬಿಡೋಣ, ಬುಧವಾರ ರಶ್ ಇರುತ್ತೆ ಅಂತಿದ್ದಾಳೆ."

ತಿಲೆಗೆನ್ ತಾಯಿಯ ಮುಖ ನೋಡಿದ. ಮೂವತ್ತೈದು ವರ್ಷದ ಗಂಡಸು ಹೀಗೆ ತಾಯಿಯ ಮುಖ ನೋಡುವುದು ಕುನ್‌ಸುಲುವಿಗೆ ಎಂದೂ ಇಷ್ಟು ಅಸಹ್ಯವಾಗಿ ಕಂಡಿರಲಿಲ್ಲ. ಹೋಗು ಎನ್ನು, ಅಪಾ. ಒಂದೇ ಒಂದು ಸಲ ಹೋಗು ಎಂದುಬಿಡು.

"ಶುಕ್ರವಾರ ದೊಡ್ಡ ದಿನವೇ, ಇಲ್ಲ ಅನ್ನಲ್ಲ," ಎಂದಳು ಅಪಾ. "ಆದ್ರೆ ಚಂದ್ರ ಸತ್ತಿದ್ದಾನಲ್ಲೋ. ಮೊನ್ನೆ ಬುಧವಾರ ಹಳೇ ಚಂದ್ರ ಅಂತ ಬಿಟ್ವಿ. ಭಾನುವಾರ ಹೊಸಬ ಹುಟ್ತಾನೆ. ಹೊಸ ಚಂದ್ರ, ಮೇಲೆ ಬುಧವಾರ, ಜೊತೆಗೆ ಬಂದಿರೋದನ್ನ ಬಿಟ್ಟು ಅಮಾವಾಸ್ಯೆ ಕತ್ತಲಲ್ಲಿ ಮನೆ ಹಿಡೀತೀನಿ ಅಂತೀಯಾ? ನಿಮ್ಮಪ್ಪನ್ನ ನೋಡಿ ಸಾಕಾಗಿಲ್ವಾ?"

"ಚಂದ್ರನ್ನ ಬ್ಯಾಂಕಿನೋರು ನೋಡಲ್ಲ ಅಪಾ! ಕರೆದಿದ್ದಾರೆ, ಹೋಗಿ ಸಹಿ ಹಾಕಿ ಬರ್ಲಿ ಬಿಡು!"

ಅದು ಕುನ್‌ಸುಲುವಿನ ಬಾಯಿಂದ ಬಂದಿತ್ತು, ಬೇಕಾದದ್ದಕ್ಕಿಂತ ದೊಡ್ಡ ದನಿಯಲ್ಲಿ. ಖಾಲಿ ಕೋಣೆ ಅದನ್ನು ಇನ್ನೊಂದು ಸಲ ಹೇಳಿತು. ಅಮ್ಮನ ಪದ್ಧತಿಗಳಿಗೆ ಎಂದೂ ಎದುರು ಆಡದವಳು ಅವಳು. ಅಪಾ ಬೆರಗಿನಿಂದ ನೋಡಿದಳು. ಮಕ್ಪಾಲ್ ಬೆರಗಾಗಲಿಲ್ಲ. ಫೋನನ್ನು ಎದೆಗೆ ಇನ್ನೂ ಬಲವಾಗಿ ಒತ್ತಿಕೊಂಡು ಹತ್ತಿರ ಬಂದಳು, ಸಣ್ಣ ದನಿಯಲ್ಲಿ ಕೇಳಿದಳು.

"ಕಾಗದದಕ್ಕಾ, ನಿಮಗೇನಾದ್ರೂ ಗೊತ್ತಾ?"

ಗೊತ್ತು. ಹೌದು ಎನ್ನಲೂ ಬೇಕಿಲ್ಲ, ರೆಪ್ಪೆ ಬಡಿದರೆ ಸಾಕಿತ್ತು. ಮಕ್ಪಾಲ್ ರೆಪ್ಪೆಯನ್ನು ಓದಬಲ್ಲವಳು. ಜ್ವರದ ಕೂಸಿನ ಹಣೆ ಮುಟ್ಟದೆ ದೂರದಿಂದಲೇ ಜ್ವರ ಎಷ್ಟಿದೆ ಹೇಳಬಲ್ಲವಳು. ಸುಮ್ಮನಿದ್ದರೂ ಸಾಕಿತ್ತು. ಆದರೆ ಸುಮ್ಮನಿರುವುದೂ ಹೇಳಿದಂತೆಯೇ ಎಂದು ಅವಳ ತಲೆಯೊಳಗಿನ ಕಚೇರಿ ಹೇಳಿತು. ನಾಳೆ ಯಾರಾದರೂ ಕೇಳುತ್ತಾರೆ: ಆದೇಶದ ಮುಂಚಿನ ಶುಕ್ರವಾರ ನಾಲ್ಕು ಗಂಟೆಗೆ ನಿಮ್ಮ ತಮ್ಮ ಓಡಿಬಂದು ಸಹಿ ಹಾಕಿದ್ದು ಹೇಗೆ, ಕುನ್‌ಸುಲು ಕೊಜಿಬಾಯೆವ್ನಾ? ಇವರಿಗೆ ಮನೆ ಉಳಿದರೆ ಊರಿನ ಉಳಿದ ಕಿಟಕಿಯವರಿಗೆ, ಟ್ಯಾಕ್ಸಿಯವರಿಗೆ, ಬಜಾರಿನ ಹೆಂಗಸರಿಗೆ ಏನು ಹೇಳುತ್ತೀಯೆ? ಅವರಿಗೆಲ್ಲ ನಾಲ್ಕನೆಯ ಮಹಡಿಯಲ್ಲಿ ಅಕ್ಕ ಇಲ್ಲ. ಇದು ನ್ಯಾಯದ ಮಾತು, ಅವಳು ಅದನ್ನು ನಿಜವಾಗಿಯೂ ನಂಬಿದ್ದಳು. ನಂಬುತ್ತಿರುವಾಗಲೇ ಇನ್ನೂ ಕೆಳಗೆ, ನ್ಯಾಯದ ಬುಡದಲ್ಲಿ, ಬರಿಯ ಹೆದರಿಕೆ ಕೂತಿರುವುದು ಅವಳಿಗೆ ಕಂಡಿತು. ಕೆಲಸ, ಪಿಂಚಣಿ, ಮೂರು ಪಟ್ಟಾದ ಫ್ಲ್ಯಾಟು, ಬಾಗಿಲಿನ ಹಿತ್ತಾಳೆಯ ಅಕ್ಷರ. ನ್ಯಾಯವೋ ಹೆದರಿಕೆಯೋ, ಯಾವುದು ಮಾತಾಡುತ್ತಿದೆ ಎಂದು ತಿಳಿಯುವುದರೊಳಗೆ ಬಾಯಿ ತೆರೆದಿತ್ತು.

"ಇಲ್ಲ," ಎಂದಳು. "ನಂಗೇನು ಗೊತ್ತಿರುತ್ತೆ? ಹೇಗೂ ಕರೆದಿದ್ದಾರಲ್ಲ ಅಂದೆ, ಅಷ್ಟೆ."

ಮಕ್ಪಾಲ್‌ಳ ಕಣ್ಣು ಕದಲಲಿಲ್ಲ. ಆ ಕಣ್ಣಿನಿಂದ ತಪ್ಪಿಸಿಕೊಳ್ಳಲು ಏನಾದರೂ ಮಾಡಬೇಕಿತ್ತು, ಕೈಗಾದರೂ ಒಂದು ಕೆಲಸ ಬೇಕಿತ್ತು. ಹೊಸದನ್ನು ಮೊದಲ ಸಲ ಕಂಡವರು ಕಾಣಿಕೆ ಕೊಡದೆ ಹೋಗಬಾರದು, ಕೂಸಾಗಲಿ, ಸೊಸೆಯಾಗಲಿ, ಮನೆಯಾಗಲಿ. ಅವಳು ಬೆಳ್ಳಿಯ ಕಡಗವನ್ನು ಮಣಿಕಟ್ಟಿನಿಂದ ಕಿತ್ತಳು. ಅಜ್ಜಿಯದು, ಅಗಲವಾದದ್ದು, ಇಪ್ಪತ್ತು ವರ್ಷದಿಂದ ಬಿಚ್ಚಿರಲಿಲ್ಲ. ಗೆಣ್ಣಿನ ಚರ್ಮ ತರಚಿತು. "ತಗೋ, ನೋಡಿದ ಕಾಣಿಕೆ," ಎಂದು ಮಕ್ಪಾಲ್‌ಳ ಕೈಗೆ ಹಾಕಿದಳು.

"ಅಯ್ಯೋ, ಇಷ್ಟು ದೊಡ್ಡದಾ!" ಅಪಾಳ ಮುಖ ಅರಳಿಹೋಯಿತು. ಮುದ್ದು ಬಂದಾಗ ಮಗಳನ್ನು ಅವಳು ಕುನ್‌ಜಾನ್ ಎನ್ನುವುದು. "ನೋಡಿದ್ರಾ? ಎಲ್ಲಾ ತಿಳಿದಿರೋಳು ಕಾಣಿಕೆ ಕೊಟ್ಳು ಅಂದ್ಮೇಲೆ ಮನೆ ನಮ್ದೇ ಆದಂಗೆ. ಏನಾದ್ರೂ ಎಡವಟ್ಟು ಇದ್ದಿದ್ರೆ ನಮ್ಮ ಕುನ್‌ಜಾನ್ ತನ್ನ ಅಜ್ಜಿ ಕಡಗ ಬಿಚ್ತಿದ್ಳಾ? ಬುಧವಾರಾನೇ ಹೋಗೋಣ, ಬಿಡಿ."

ತಿಲೆಗೆನ್ ನಿರಾಳವಾಗಿ ನಕ್ಕ. ಹೆಂಡತಿಯ ಕೈಯಿಂದ ಫೋನ್ ತೆಗೆದುಕೊಂಡು, "ಬುಧವಾರವೇ ಬರ್ತೀವಮ್ಮ, ಬೆಳಿಗ್ಗೆ ಹತ್ತಕ್ಕೆ," ಎಂದ. ಮಕ್ಪಾಲ್ ಕಡಗವನ್ನು ಹಾಕಿಕೊಳ್ಳಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಅದರ ತೂಕ ನೋಡುತ್ತಿರುವಂತೆ ನಿಂತಿದ್ದಳು.

ಕಚೇರಿಗೆ ಮರಳಿದಾಗ ಎರಡು ಗಂಟೆ. ಗೋಡೆಯ ಗಡಿಯಾರವನ್ನು ಅವಳು ಅಷ್ಟು ಹೊತ್ತು ಎಂದೂ ನೋಡಿರಲಿಲ್ಲ. ಎರಡೂವರೆಗೆ ಫೋನ್ ತೆಗೆದು 'ಇವತ್ತೇ ಹೋಗಿ' ಎಂದು ಬರೆದಳು, ಅಳಿಸಿದಳು. ಅಳಿಸಿದ್ದು ಎಲ್ಲಿಗೆ ಹೋಗುತ್ತದೆ, ಅದನ್ನೂ ಯಾರಾದರೂ ಓದಬಲ್ಲರೆ ಎಂದು ಯೋಚಿಸಿದಳು. 'ಅಪಾಗೆ ಹೇಳು, ನನಗೆ ಒಂದು ಕನಸು ಬಿತ್ತು' ಎಂದು ಬರೆದಳು. ಅಪಾ ಕನಸನ್ನು ನಂಬುತ್ತಾಳೆ, ಕನಸಿಗೆ ಜೈಲಿಲ್ಲ. ಬೆರಳು ಕಳಿಸುವ ಗುಂಡಿಯ ಮೇಲಿತ್ತು. ಮೂರೂಕಾಲು. ಬಾಗಿಲು ತಟ್ಟದೆ, ನಿನ್ನೆ ಕೂತ ಐವರಲ್ಲೊಬ್ಬನಾದ ಇಲಾಖೆಯ ಮುಖ್ಯಸ್ಥ ಯೆರ್‌ಮುರಾತ್ ಸಾಪಾರೊವಿಚ್ ಒಳಬಂದ. ಅವಳು ಫೋನನ್ನು ಮಗುಚಿ ಹಾಕಿದಳು.

"ಏನು ಕುನ್‌ಸುಲು ಕೊಜಿಬಾಯೆವ್ನಾ, ಮುಖ ಬಾಡಿದೆ? ಸೋಮವಾರದ ಯೋಚ್ನೆಯಾ?" ಅವನು ಅವಳ ಮೇಜಿನಿಂದ ಒಂದು ಮಿಠಾಯಿ ತೆಗೆದು ಸುಲಿದ. "ನಮ್ಮನ್ನ ಬಯ್ಯೋರ ಸಾಲು ಬೆಟ್ಟದ ತನಕ ಇರುತ್ತೆ. ಬಯ್ಲಿ ಬಿಡಿ. ಒಳ್ಳೇದು ಮಾಡ್ದೋನಿಗೆ ಯಾವತ್ತೂ ಬೈಗುಳವೇ."

"ಮನೆ ಹಿಡಿಯೋ ಹೊತ್ತಲ್ಲಿ ಇರೋರು ಎಷ್ಟೋ ಜನ ಇರ್ತಾರೆ, ಸಾರ್."

"ಇರ್ತಾರೆ. ಅವರವರ ಅದೃಷ್ಟ. ನಮ್ಮ ಅಳಿಯಾನೂ ಅಂಗಡಿ ಇಟ್ಕೊಂಡೋನು, ಸಂಬಳದ ಚೀಟಿ ಇಲ್ಲ. ಏನೋ ಪುಣ್ಯ, ಹೋದ ವಾರವೇ ಸಹಿ ಮುಗ್ಸಿಬಿಟ್ಟ." ಮಿಠಾಯಿಯನ್ನು ಬಾಯಿಗೆ ಹಾಕಿಕೊಂಡ. "ಇದು ಒಳ್ಳೇದಿದೆ. ಎಲ್ಲಿಂದ ತಂದ್ರಿ?"

ಅವನು ಹೋದ ಮೇಲೂ ಆ ಮಾತು ಕುರ್ಚಿಯ ಮೇಲೆ ಕೂತಿತ್ತು. ಹೋದ ವಾರ. ಪುಣ್ಯವೇ ಇರಬಹುದು. ಅವನ ಮುಖದಲ್ಲಿ ಏನೂ ಇರಲಿಲ್ಲ, ಮಿಠಾಯಿಯ ಸುಖ ಬಿಟ್ಟರೆ. ಅವಳಿಗೆ ಸಿಟ್ಟು ಬಂತು, ಅವನ ಮೇಲಲ್ಲ, ತನ್ನ ಮೇಲೆ. ಹೇಳದೆ ಇದ್ದದ್ದಕ್ಕೋ, ಹೇಳಲು ಹೊರಟದ್ದಕ್ಕೋ ಗೊತ್ತಾಗಲಿಲ್ಲ. ಎಲ್ಲರೂ ಕದಿಯುವ ಊರಲ್ಲಿ ತಾನೊಬ್ಬಳು ಪ್ರಾಮಾಣಿಕಳೆಂದು ಬೀಗಬೇಕೆ, ದಡ್ಡಳೆಂದು ಹಣೆ ಚಚ್ಚಿಕೊಳ್ಳಬೇಕೆ? ಫೋನನ್ನು ತಿರುಗಿಸಿದಾಗ ಕನಸಿನ ಸಾಲು ಅಲ್ಲೇ ಇತ್ತು. ಇವನಂತೆ ನಾನಲ್ಲ ಎಂದುಕೊಂಡು ಅಳಿಸಿದಳು. ಅದು ಒಳ್ಳೆಯ ಮಾತಾಗಿತ್ತು. ಅದರಲ್ಲಿ ಎಷ್ಟು ಪಾಲು ಸೊಕ್ಕು ಎಂದು ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ನಾಲ್ಕಾಯಿತು. ಐದಾಯಿತು. ಆರಕ್ಕೆ ಬ್ಯಾಂಕುಗಳ ಬಾಗಿಲು ಮುಚ್ಚಿತು, ಅವಳು ಎದ್ದು ಕೋಟು ಹಾಕಿಕೊಂಡಳು.

ಸೋಮವಾರ ಆದೇಶ ಹೊರಬಿತ್ತು. ಟೀವಿಯಲ್ಲಿ ಬಂತು, ಫೋನುಗಳಲ್ಲಿ ಬಂತು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುತ್ತಾರೆ ಎಂದು ಬಸ್ಸಿನಲ್ಲಿ ಒಬ್ಬ ಬೈದ. ಇನ್ನಾದರೂ ಬೆಲೆ ಇಳಿದೀತು ಎಂದು ಇನ್ನೊಬ್ಬ ಹೇಳಿದ. ಇಬ್ಬರ ಮಾತೂ ನಿಜವಿರಬಹುದು ಎನ್ನಿಸಿತು. ತಮ್ಮನ ಫೋನ್ ಬರುತ್ತದೆಂದು ಎರಡು ದಿನ ಕಾದಳು. ಬರಲಿಲ್ಲ. ಮಂಜೂರಾಗಿದೆಯಲ್ಲ, ಇದು ಹೊಸಬರಿಗೆ ಎಂದು ಅವನು ಅಂದುಕೊಂಡಿದ್ದ. ಬುಧವಾರ ಬೆಳಿಗ್ಗೆ ಮನೆಮಂದಿಯೆಲ್ಲ ಹೊಸ ಬಟ್ಟೆ ಹಾಕಿಕೊಂಡು, ಬ್ಯಾಂಕಿನ ಹುಡುಗಿಗೆ ಕೊಡಲು ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ, ಬಿಸಿ ಬಾವುರ್ಸಾಕಿನ ಡಬ್ಬಿ ಹಿಡಿದು ಹೊರಟಿದ್ದರು. ಹುಡುಗಿ ಪರದೆಯನ್ನು ಅವರ ಕಡೆಗೆ ತಿರುಗಿಸಿ ತೋರಿಸಿದಳು. ಪಾಪ, ಅವಳ ಕಣ್ಣಲ್ಲೂ ನೀರಿತ್ತಂತೆ. ಇದನ್ನೆಲ್ಲ ಮಧ್ಯಾಹ್ನ ಫೋನಿನಲ್ಲಿ ಹೇಳಿದವಳು ಅಪಾ. "ಬಾ, ಕುನ್‌ಜಾನ್," ಎಂದಳು, ಅಷ್ಟೆ.

ಬಾಡಿಗೆ ಮನೆಯ ನಡುಕೋಣೆಯಲ್ಲಿ ನಾಲ್ಕು ಕಿಟಕಿಗಳು ಪ್ಲಾಸ್ಟಿಕ್ ಸುತ್ತಿಕೊಂಡು ಗೋಡೆಗೆ ಒರಗಿದ್ದವು. ಆ ಮೂರನೆಯ ಮಹಡಿಯ ಗೋಡೆಗಳಿಗೆಂದು ಅಳೆದು ಮಾಡಿಸಿದವು, ಇನ್ನು ಯಾವ ಮನೆಗೂ ಕೂರುವುದಿಲ್ಲ. ತಿಲೆಗೆನ್ ಅವುಗಳ ಮುಂದೆ ನೆಲದ ಮೇಲೆ ಕೂತು ಒಂದು ಮೂಲೆಯ ಅಂಟುಪಟ್ಟಿಯನ್ನು ಕೀಳುತ್ತಿದ್ದ, ಮತ್ತೆ ಅಂಟಿಸುತ್ತಿದ್ದ. "ಬಂದ್ಯಾ ಅಪ್ಕೆ," ಎಂದ. ಅದರಲ್ಲಿ ದೂರು ಇರಲಿಲ್ಲ. ದೂರು ಇದ್ದಿದ್ದರೆ ಅವಳಿಗೆ ಉಸಿರಾಡಲು ಆಗುತ್ತಿತ್ತು. ಮನೆ ಮಾರುವ ಮುದುಕಿ ಆಗಲೇ ನಗದಿನವನಿಗೆ ಕೀಲಿ ಕೊಟ್ಟಳಂತೆ, ಬೆಲೆಯನ್ನೂ ಇಳಿಸದೆ. ಒಳಗೆ ಅಡುಗೆಮನೆಯಲ್ಲಿ ಮಕ್ಪಾಲ್ ಬಟ್ಟಲು ತೊಳೆಯುತ್ತಿರುವ ಸದ್ದು ಕೇಳುತ್ತಿತ್ತು. ಅಲ್ಲಿಯ ಕಿಟಕಿಯಿಂದ ಏನು ಕಾಣುತ್ತದೆಂದು ಕುನ್‌ಸುಲುವಿಗೆ ಗೊತ್ತಿತ್ತು.

ಅಪಾ ಹಾಸಿನ ಮೇಲೆ ಕೂತು ತನ್ನ ಮೊಣಕಾಲಿಗೆ ತಾನೇ ಬಡಿದುಕೊಳ್ಳುತ್ತಿದ್ದಳು. ಬಿಳಿಯ ತಲೆವಸ್ತ್ರ ಒಂದು ಕಡೆಗೆ ಜಾರಿತ್ತು.

"ನಾನೇ ಕಣೇ, ನಾನೇ. ನನ್ನ ಬುಧವಾರ ನನ್ನ ಮಗನ ಮನೆ ನುಂಗಿಬಿಡ್ತು. ನಿಮ್ಮಪ್ಪನ್ನ ಮಂಗಳವಾರ ತಿಂತು, ಇವನ್ನ ನಾನು ತಿಂದೆ. ಶುಕ್ರವಾರ ನೀನು ಬಡ್ಕೊಂಡೆ, ಚಂದ್ರನ್ನ ಬ್ಯಾಂಕಿನೋರು ನೋಡಲ್ಲ ಅಂತ. ಮುದಿಗೊಡ್ಡು ನಾನು, ಕೇಳಿದ್ನಾ? ಮೊಮ್ಮಕ್ಕಳ ಮುಖ ಹೇಗೆ ನೋಡ್ಲಿ?"

"ಹಾಗನ್ನಬೇಡ ಅಪಾ."

"ಇನ್ನು ಹೇಗನ್ಲಿ?" ಅಪಾ ಅವಳ ಎರಡೂ ಕೈ ಹಿಡಿದುಕೊಂಡಳು. ಕಡಗವಿಲ್ಲದ ಮಣಿಕಟ್ಟನ್ನು ಹೆಬ್ಬೆರಳಿನಿಂದ ಸವರಿದಳು. "ನೀನೂ ಪಾಪ ಅಜ್ಜಿ ಕಡಗ ಕೊಟ್ಟೆ. ನಿಂಗೂ ಗೊತ್ತಿರ್ಲಿಲ್ಲ, ಅಲ್ವಾ ಕುನ್‌ಜಾನ್? ಗೊತ್ತಿದ್ದಿದ್ರೆ ಹೇಳ್ತಿದ್ದೆ."

ಅಡುಗೆಮನೆಯ ಸದ್ದು ನಿಂತಿತು.

ಈಗ ಹೇಳಬಹುದಿತ್ತು. ಆದೇಶ ಊರಿಗೆಲ್ಲ ಗೊತ್ತಾಗಿತ್ತು, ಗುಟ್ಟು ಮುಗಿದಿತ್ತು. ಮನೆಯೊಳಗೆ ತಾಯಿಗೆ ಹೇಳುವ ಮಾತಿಗೆ ಯಾವ ಜೈಲೂ ಇರಲಿಲ್ಲ. ನಿನ್ನ ಬುಧವಾರವಲ್ಲ ಅಪಾ, ನನ್ನ ಬಾಯಿ. ನನಗೆ ಗೊತ್ತಿತ್ತು, ಆ ಸಾಲು ಬರೆದವಳೇ ನಾನು, ಮಕ್ಪಾಲ್ ಕೇಳಿದಾಗ ಇಲ್ಲ ಎಂದೆ. ಇಷ್ಟು ಹೇಳಿದರೆ ಅಪಾ ತನ್ನ ಮೊಣಕಾಲು ಬಡಿದುಕೊಳ್ಳುವುದನ್ನು ನಿಲ್ಲಿಸುತ್ತಾಳೆ. ಮನೆ ಬರುವುದಿಲ್ಲ, ಆದರೆ ತಾಯಿಯ ತಲೆಯ ಮೇಲಿನ ಹೊರೆ ಇಳಿಯುತ್ತದೆ, ತನ್ನ ತಲೆಗೆ ಏರುತ್ತದೆ. ತಿಲೆಗೆನ್ ಅಂಟುಪಟ್ಟಿ ಕೀಳುವುದನ್ನು ಬಿಟ್ಟು ಅವಳತ್ತ ನೋಡುತ್ತಿದ್ದ, ಐದು ವರ್ಷದವನ ಹಾಗೆ, ಪೂರ್ತಿ ನಂಬಿಕೆಯಿಂದ. ಆ ನಂಬಿಕೆಯನ್ನು ಕಳೆದುಕೊಂಡು ತಾನು ಎಲ್ಲಿಗೆ ಹೋಗಬೇಕು ಎಂಬ ಯೋಚನೆ ಬಂತು. ಅವಳಿಗೆ ಬಂದದ್ದು ಅದೊಂದೇ ಯೋಚನೆ, ಅದಕ್ಕಾಗಿ ಅವಳಿಗೆ ನಾಚಿಕೆಯಾಯಿತು.

"ಗೊತ್ತಿರ್ಲಿಲ್ಲ ಅಪಾ," ಎಂದಳು.

ಶುಕ್ರವಾರದ ಸುಳ್ಳನ್ನು ಕಚೇರಿ ಹೇಳಿಸಿತ್ತು. ಇದನ್ನು ಯಾರೂ ಹೇಳಿಸಲಿಲ್ಲ. ಅಪಾ ತಲೆಯಾಡಿಸಿ ಮತ್ತೆ ತನ್ನ ಮೊಣಕಾಲಿಗೆ ಬಡಿದುಕೊಳ್ಳತೊಡಗಿದಳು.

ಮಕ್ಪಾಲ್ ಹಾಲು ಹಾಕಿದ ಚಹಾದ ಬಟ್ಟಲುಗಳನ್ನು ಹರಿವಾಣದಲ್ಲಿಟ್ಟುಕೊಂಡು ಬಂದಳು. ಕೊನೆಯ ಮಗಳು, ಆರು ವರ್ಷದ ನುರಾಯ್, ಅವಳ ಲಂಗದ ಅಂಚು ಹಿಡಿದುಕೊಂಡೇ ಬಂತು. ಮಕ್ಪಾಲ್‌ಳ ಕಣ್ಣು ಒಣಗಿತ್ತು. ಅತ್ತೆಗೆ ಮೊದಲು ಕೊಟ್ಟಳು, ಗಂಡನ ಪಕ್ಕದಲ್ಲಿ ಒಂದನ್ನು ನೆಲದ ಮೇಲಿಟ್ಟಳು. ಆಮೇಲೆ ಕುನ್‌ಸುಲುವಿನ ಎದುರು ನಿಂತು, ಎರಡೂ ಕೈಯಿಂದ, ಮರ್ಯಾದೆ ಒಂದಿಷ್ಟೂ ಕಡಿಮೆಯಾಗದಂತೆ, ಬಟ್ಟಲನ್ನು ಚಾಚಿದಳು.

"ಚಹಾ ತಗೊಳ್ಳಿ, ಕುನ್‌ಸುಲು ಕೊಜಿಬಾಯೆವ್ನಾ."

ಅಪಾಳ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಹದಿನಾಲ್ಕು ವರ್ಷದಲ್ಲಿ ಆ ಬಾಯಿಂದ ಎಂದೂ ಬಾರದಿದ್ದ ಎರಡು ಹೆಸರುಗಳು, ಒಂದು ಜೀವಂತ ಇರುವವಳದು, ಒಂದು ಸತ್ತವನದು, ಒಟ್ಟಿಗೆ ಬಂದಿದ್ದವು. ತಿಲೆಗೆನ್ ಹೆಂಡತಿಯನ್ನು ನೋಡಿದ, ಅಕ್ಕನನ್ನು ನೋಡಿದ. ಅವನ ಮುಖದಲ್ಲಿ ಏನೋ ನಿಧಾನವಾಗಿ ಅರ್ಥವಾಗತೊಡಗಿತು.

"ಅಮ್ಮಾ, ಅದ್ಯಾರು?" ಎಂದು ಕೇಳಿತು ನುರಾಯ್. ಕಾಗದದಕ್ಕನಿಗೆ ಇನ್ನೊಂದು ಹೆಸರಿರುವುದು ಅದಕ್ಕೆ ತಿಳಿದಿರಲಿಲ್ಲ.

"ಆಫೀಸಿನೋರು," ಎಂದಳು ಮಕ್ಪಾಲ್.

ಕುನ್‌ಸುಲು ಎರಡೂ ಕೈ ಚಾಚಿ ಬಟ್ಟಲನ್ನು ತೆಗೆದುಕೊಂಡಳು. ಚಹಾ ಬಿಸಿಯಿತ್ತು, ಕುಡಿದಳು.